ಎಸೆತಶೇಷ

ಫಕೀರವ್ವ ಹೊಸಮನಿ ತನ್ನ ಮುಂದಿದ್ದ ಡಬ್ಬಿಯಿಂದ ಎರಡು ಬೆರಳಿನಷ್ಟು ಕೆಸರು ತೆಗೆದು ಅಂಗೈಗೆ ಹಚ್ಚಿಕೊಂಡಳು. ಅದರ ಮೇಲೆ ನಾಲ್ಕು ಹನಿ ನೀರು ಬಿಟ್ಟಳು. ಹೊಸ ಚೆಂಡೊಂದನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ನಿಧಾನವಾಗಿ ತಿರುಗಿಸುತ್ತ ತಿಕ್ಕತೊಡಗಿದಳು. ಬೆಳ್ಳಗೆ ಹೊಳೆಯುತ್ತಿದ್ದ ಚೆಂಡಿನ ಚರ್ಮ ಮೆಲ್ಲಗೆ ಮಂಕಾಯಿತು. ತಿಕ್ಕಿದ ಚೆಂಡನ್ನು ಪಕ್ಕದಲ್ಲಿ ಕುಳಿತಿದ್ದ ದ್ಯಾಮವ್ವನ ಕಡೆ ಚಾಚಿದಳು. ದ್ಯಾಮವ್ವ ಕಣ್ಣು ಮುಚ್ಚಿ, ಎಡಗೈ ಹೆಬ್ಬೆರಳಿನಿಂದ ಹೊಲಿಗೆಯ ಗುಂಟ ಒಮ್ಮೆ ಸವರಿ ನೋಡಿದಳು. ತಲೆಯಾಡಿಸಿ ಬುಟ್ಟಿಗೆ ಹಾಕಿದಳು. ಫಕೀರವ್ವ ಇನ್ನೊಂದು ಚೆಂಡು ಎತ್ತಿಕೊಂಡಳು. ಗದಗದ ಬೇಸ್‌ಬಾಲ್ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗಿದ್ದ ಆ ಕೋಣೆಗೆ ಬೆಳಗಿನ ಬಿಸಿಲು ಒಂದೇ ಕಿಂಡಿಯಿಂದ ಬರುತ್ತಿತ್ತು.

ಆರನೆಯ ಚೆಂಡು ಮುಗಿಯುವಾಗ ಫಕೀರವ್ವನ ಬಲಮೊಣಕೈಗೆ ಸುತ್ತಿದ್ದ ತೆಳ್ಳನೆಯ ಪಟ್ಟಿಯ ಮೇಲೆ ಹಸಿರು ಅಂಕಿ ಬದಲಾಯಿತು. ಸಾವಿರದ ಮುನ್ನೂರ ಹತ್ತು ಇದ್ದದ್ದು ಸಾವಿರದ ಮುನ್ನೂರ ಒಂಬತ್ತಾಯಿತು. ಅವಳು ಪಟ್ಟಿಯನ್ನು ಬಿಚ್ಚಿ ಟವೆಲ್ಲಿನ ಕೆಳಗೆ ಇಟ್ಟಳು. ಬಿಚ್ಚಿಟ್ಟರೂ ತೋಳು ಸವೆಯುತ್ತದೆ, ಮತ್ತೆ ಕಟ್ಟಿದಾಗ ಅಂಕಿ ಇಳಿದೇ ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಣ್ಣಿಗೆ ಬೀಳದಿದ್ದರೆ ಸಾಕಾಗಿತ್ತು.

ಆ ಪಟ್ಟಿಯ ಹೆಸರು ತೋಳುಮಾಪಕ. ಮನುಷ್ಯನ ಮೊಣಕೈಯಲ್ಲಿ ಮೇಲಿನ ಎಲುಬನ್ನೂ ಕೆಳಗಿನ ಎಲುಬನ್ನೂ ಕಟ್ಟಿ ಹಿಡಿಯುವ ಒಂದು ಅಸ್ಥಿರಜ್ಜು ಇದೆ. ಅಗಲದಲ್ಲಿ ಅದು ಕಿರುಬೆರಳಿಗಿಂತ ದೊಡ್ಡದಲ್ಲ. ಬೇಸ್‌ಬಾಲಿನ ಎಸೆತಗಾರ್ತಿ ದಿಬ್ಬದ ಮೇಲೆ ನಿಂತು ಚೆಂಡೆಸೆದ ಪ್ರತಿ ಸಲವೂ ಅದರ ಕೆಲವು ಎಳೆಗಳು ಬಿರಿಯುತ್ತವೆ. ಕೆಲವು ಮತ್ತೆ ಕೂಡಿಕೊಳ್ಳುತ್ತವೆ, ಕೆಲವು ಕೂಡುವುದಿಲ್ಲ. ಒಂದು ದಿನ ರಜ್ಜು ಪೂರ್ತಿ ಹರಿಯುತ್ತದೆ. ತೋಳುಮಾಪಕ ಕಿವಿಗೆ ಕೇಳದ ಧ್ವನಿಯ ಅಲೆಗಳನ್ನು ಮೊಣಕೈಯೊಳಗೆ ಕಳಿಸಿ, ಗಟ್ಟಿ ಉಳಿದಿರುವ ಎಳೆಗಳನ್ನು ಎಣಿಸಿ, ಇನ್ನು ಎಷ್ಟು ಎಸೆತ ಸಾಧ್ಯ ಎಂಬುದನ್ನು ಹೇಳುತ್ತಿತ್ತು. ಆ ಸಂಖ್ಯೆಯನ್ನು ಎಸೆತಶೇಷ ಎಂದು ಕರೆದರು. ಇದನ್ನು ಕಂಡುಹಿಡಿದವರು ಡಾ. ವೃಂದಾ ಐತಾಳ. ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳ ತೋಳು ಪಂದ್ಯದ ನಡುವೆ ಹರಿದ ಸದ್ದನ್ನು ಅವರು ಪ್ರೇಕ್ಷಕರ ಸಾಲಿನಲ್ಲಿ ಕೂತು ಕೇಳಿದ್ದರು. ಅದಾದ ಒಂಬತ್ತು ವರ್ಷಕ್ಕೆ ಮಾಪಕ ಬಂತು. ಅದು ಬಂದ ಮೇಲೆ ಮಹಿಳಾ ಬೇಸ್‌ಬಾಲ್ ಲೀಗಿನಲ್ಲಿ ಒಂದು ತೋಳೂ ಹರಿಯಲಿಲ್ಲ. ಶೇಷ ಸೊನ್ನೆಯಾದವಳು ಶಾಲು ಹೊದ್ದು, ಕೈಬೀಸಿ, ಗಟ್ಟಿ ತೋಳಿನೊಂದಿಗೇ ಮನೆಗೆ ಹೋಗುತ್ತಿದ್ದಳು.

ಫಕೀರವ್ವನಿಗೆ ಮೂವತ್ಮೂರು ವರ್ಷ. ಹುಡುಗಿಯಾಗಿದ್ದಾಗ ಸೋದರತ್ತೆಯ ಜೋಳದ ಹೊಲದಲ್ಲಿ ಮಂಚಿಕೆ ಏರಿ ನಿಂತು ಮಣ್ಣಿನ ಹೆಂಟೆ ಎಸೆದು ಗುಬ್ಬಿ ಓಡಿಸುತ್ತಿದ್ದಳು. ಗುಬ್ಬಿಗೆ ತಾಗದಂತೆ, ಆದರೆ ಅದು ಕೂತ ತೆನೆಯ ಪಕ್ಕದ ತೆನೆಗೆ ತಾಗುವಂತೆ ಎಸೆಯುತ್ತಿದ್ದಳು. ಅದನ್ನು ರಸ್ತೆಯಲ್ಲಿ ನಿಂತು ನೋಡಿದ ತರಬೇತುದಾರ ಮುಲ್ಲಾ ಸರ್ ಅವಳನ್ನು 'ಗದಗ ಗಾಳಿಗಂಬ' ತಂಡಕ್ಕೆ ಕರೆತಂದರು. ಅವಳು ಹೆಸರಾದದ್ದು ಕುಸಿಯುವ ಎಸೆತದಿಂದ. ಚೆಂಡು ನೇರ ಬಂದಂತೆ ಬಂದು, ದಾಂಡಿನ ಹತ್ತಿರ ಮೆಟ್ಟಿಲು ಇಳಿದಂತೆ ಇಳಿದುಬಿಡುತ್ತಿತ್ತು. ಹದಿನಾಲ್ಕು ವರ್ಷ ಆಡಿದಳು. ಎರಡು ಸಲ ತಂಡ ಫೈನಲ್ ತಲುಪಿತು, ಎರಡು ಸಲವೂ ಸೋತಿತು. ಇದು ಅವಳ ಕೊನೆಯ ವರ್ಷ. ಈ ಸಲ ತಂಡ ಚೆನ್ನಾಗಿತ್ತು. ಫೈನಲ್ಲಿನಲ್ಲಿ ದಿಬ್ಬದ ಮೇಲೆ ತಾನೇ ನಿಲ್ಲಬೇಕು ಎಂಬುದೊಂದೇ ಅವಳಿಗಿದ್ದ ಆಸೆ.

ಅದಕ್ಕೆ ಲೆಕ್ಕ ಸರಿಯಾಗಿಯೇ ಇತ್ತು. ಫೈನಲ್ ಸೇರಿ ಅವಳ ಪಾಲಿಗೆ ಹನ್ನೆರಡು ಪಂದ್ಯ. ಪಂದ್ಯಕ್ಕೆ ತೊಂಬತ್ತು ಎಸೆತ. ಅಭ್ಯಾಸಕ್ಕೆ ಇನ್ನೂರು. ಅಷ್ಟೂ ಆದ ಮೇಲೆ ಮೂವತ್ತು ಮಿಗುತ್ತಿತ್ತು. ಆದರೆ ಈ ಲೆಕ್ಕದಲ್ಲಿ ಚೆಂಡು ತಿಕ್ಕುವ ಕೆಲಸ ಸೇರಿರಲಿಲ್ಲ.

ಹೊಸ ಬೇಸ್‌ಬಾಲ್ ಚೆಂಡು ಜಾರುತ್ತದೆ. ಕೈ ಜಾರಿದ ಚೆಂಡು ದಾಂಡುಗಾರ್ತಿಯ ತಲೆಗೆ ಬಡಿಯಬಹುದು. ಆದ್ದರಿಂದ ಪ್ರತಿ ಪಂದ್ಯಕ್ಕೆ ಮೊದಲು ತೊಂಬತ್ತಾರು ಚೆಂಡುಗಳಿಗೆ ಕೆಸರು ತಿಕ್ಕಿ ಹೊಳಪು ತೆಗೆಯುವುದು ಈ ಆಟದ ಹಳೆಯ ಪದ್ಧತಿ. ಗದಗದಲ್ಲಿ ಡಂಬಳದ ಕೆರೆಯ ತಳದ ಕಪ್ಪು ಕೆಸರನ್ನು ಬಟ್ಟೆಯಲ್ಲಿ ಸೋಸಿ ಬಳಸುತ್ತಿದ್ದರು. ದ್ಯಾಮವ್ವ ಇಪ್ಪತ್ತೊಂದು ವರ್ಷದಿಂದ, ಲೀಗು ಶುರುವಾದ ದಿನದಿಂದ, ಅದನ್ನು ಒಬ್ಬಳೇ ಮಾಡಿಕೊಂಡು ಬಂದಿದ್ದಳು. ಈ ವರ್ಷ ಅವಳ ಕೈ ಸೋತಿತು. ಆಡಳಿತಕ್ಕೆ ತಿಳಿದರೆ ಅವಳು ವಾಸವಿದ್ದ ಮೆಟ್ಟಿಲ ಕೆಳಗಿನ ಕೋಣೆಯೂ ಹೋಗುತ್ತದೆ, ಕೆಲಸವೂ ಹೋಗುತ್ತದೆ. ಫಕೀರವ್ವ ಯಾರಿಗೂ ಹೇಳದೆ ತಾನೇ ತಿಕ್ಕತೊಡಗಿದಳು.

ಎರಡು ಪಂದ್ಯ ಕಳೆದ ಮೇಲೆ ಡಾ. ವೃಂದಾ ಐತಾಳ ಗದಗಕ್ಕೆ ಬಂದರು. ಅವರ ಮುಖದಲ್ಲಿ ನಿದ್ದೆ ಇರಲಿಲ್ಲ. ಲೀಗಿನ ನೂರಾ ಎಂಟು ಎಸೆತಗಾರ್ತಿಯರಲ್ಲಿ ಒಬ್ಬಳ ಅಂಕಿ ಮಾತ್ರ ತಾಳೆಯಾಗುತ್ತಿರಲಿಲ್ಲ. ಎಸೆದದ್ದಕ್ಕಿಂತ ಮೂವತ್ತು ಹೆಚ್ಚು ಇಳಿದಿತ್ತು. ಮಾಪಕ ಒಂದು ತೋಳಿನಲ್ಲಿ ತಪ್ಪಿದರೆ ಎಲ್ಲ ತೋಳುಗಳಲ್ಲೂ ತಪ್ಪಬಹುದು ಎಂಬುದು ಅವರ ಹೆದರಿಕೆ.

ಮುಲ್ಲಾ ಸರ್ ಅವರ ಕೋಣೆಯಲ್ಲಿ ವಿಚಾರಣೆ ನಡೆಯಿತು.

"ಫಕೀರವ್ವ ಅವರೇ, ನೀವು ಸುಳ್ಳು ಹೇಳ್ತೀರಿ ಅಂತ ನಾನು ಬಂದದ್ದಲ್ಲ," ಎಂದರು ವೃಂದಾ. "ನನ್ನ ಯಂತ್ರ ಸುಳ್ಳು ಹೇಳ್ತಿದೆಯಾ ಅಂತ ನೋಡ್ಬೇಕು. ಮನೇಲಿ ಬಟ್ಟೆ ಹಿಂಡ್ತೀರಾ?"

"ಇಲ್ರಿ."

"ರೊಟ್ಟಿ ಬಡೀತೀರಾ? ಕೊಡ ಎತ್ತೋದು?"

ಉತ್ತರ ಕೊಟ್ಟದ್ದು ಮುಲ್ಲಾ ಸರ್. "ಏನ್ ಕೇಳ್ತೀರಿ ಡಾಕ್ಟರ? ಆಕಿ ನೀರಿನ ಬಾಟಲಿ ಮುಚ್ಚಳಾ ಸೈತ ತಗಿಯೂದಿಲ್ರಿ. ನಾವ ತಗದು ಕೊಡ್ತೀವಿ. ಮದಿಮಗಳಿಗೂ ಇಷ್ಟು ಉಪಚಾರ ಇರೂದಿಲ್ಲ."

"ಮದಿಮಗಳಿಗೆ ಒಂದ ವಾರರೀ ಸರ್," ಎಂದಳು ಫಕೀರವ್ವ. "ಆಮ್ಯಾಲ ಕಸಬರಗಿ ಕೈಯಾಗ ಕೊಡ್ತಾರ. ನನಗ ಹದಿನಾಕು ವರ್ಷ ಆತು, ಇನ್ನೂ ಕೊಟ್ಟಿಲ್ಲ."

ಮುಲ್ಲಾ ಸರ್ ನಕ್ಕರು. ವೃಂದಾ ನಗಲಿಲ್ಲ. ಅವರು ಫಕೀರವ್ವನ ಉಗುರುಗಳನ್ನು ನೋಡುತ್ತಿದ್ದರು. ಉಗುರಿನ ಸಂದಿಯಲ್ಲಿ ಕಪ್ಪು ಗೆರೆ ಇತ್ತು. ಸಾಬೂನು ಹಾಕಿ ತೊಳೆದ ಕೈ. ಆದರೂ ಹತ್ತು ಬೆರಳಿಗೂ ಗೆರೆ ಉಳಿದಿತ್ತು.

ಮುಂದಿನ ಪಂದ್ಯದ ದಿನ ಬೆಳಿಗ್ಗೆ ಅವರು ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲು ತಳ್ಳಿದಾಗ ಫಕೀರವ್ವ ಅಂದಿನ ಮೊದಲ ಚೆಂಡನ್ನು ಅಂಗೈಗೆ ತೆಗೆದುಕೊಂಡಿದ್ದಳು ಅಷ್ಟೆ.

"ಹೊಲಿಗೀ ಮ್ಯಾಲ ಬ್ಯಾಡ ಫಕೀರಿ, ಬುಡಕ್ಕ ತಿಕ್ಕು," ಎನ್ನುತ್ತಿದ್ದ ದ್ಯಾಮವ್ವ ಬಾಗಿಲ ಕಡೆ ತಿರುಗಿದಳು.

ವೃಂದಾ ಕೆಳಗೆ ನೆಲದ ಮೇಲೇ ಕೂತರು. ಮೊದಲು ಅವರಿಗೆ ಆದದ್ದು ಸಮಾಧಾನ. ಯಂತ್ರ ಸರಿಯಾಗಿತ್ತು. ತಿಕ್ಕುವಾಗ ಮುಂಗೈ ತಿರುಚುತ್ತದೆ, ಎಳೆತ ಅದೇ ರಜ್ಜುವಿನ ಮೇಲೆ ಬೀಳುತ್ತದೆ. ಆ ಸಮಾಧಾನಕ್ಕೆ ಅವರಿಗೇ ನಾಚಿಕೆಯಾಯಿತು.

"ತಿಕ್ಕೋಕೆ ಯಂತ್ರ ಬಂದಿದೆಯಲ್ಲ? ಬೇರೆ ಊರಲ್ಲಿ ಇದೆ," ಎಂದರು.

"ಅದೈತ್ರಿ, ಲೇಪಕ ಯಂತ್ರ," ಎಂದಳು ಫಕೀರವ್ವ. "ಎಲ್ಲಾ ಚೆಂಡಿಗೂ ಒಂದ ಥರಾ ಹಚ್ಚತೈತಿ. ಅದಾ ಅದರ ತಪ್ಪು. ಒಂದು ಚರ್ಮ ಕೆಸರು ಕುಡೀತೈತಿ, ಒಂದು ಕುಡಿಯೂದಿಲ್ಲ. ಹೊಲಿಗೀ ಬುಡದಾಗ ಕೆಸರು ಕುಂದರಲಿಲ್ಲ ಅಂದ್ರ ನನ್ನ ಬೆರಳು ಎಲ್ಲಿ ಹಿಡೀಬೇಕು? ಇವರು ತಿಕ್ಕಿದ ಚೆಂಡು ಕೈಯಾಗ ಬಂದ್ರ ಕಣ್ಣ ಮುಚ್ಚಿ ಎಸೀತೀನಿ. ನಾ ತಿಕ್ಕಿದ್ದೂ ಇವರು ಮುಟ್ಟಿ ನೋಡಿದ ಮ್ಯಾಲನ."

ವೃಂದಾ ತಮ್ಮ ಚೀಲದಿಂದ ಒಂದು ಪಟ್ಟಿ ತೆಗೆದರು. "ದ್ಯಾಮವ್ವ, ಸ್ವಲ್ಪ ನಿಮ್ಮ ಬಲಗೈ ಕೊಡಿ."

"ನನ್ನ ಕೈಗೆ ಯಾಕ್ರಿ ಬಂಗಾರದ ಪಟ್ಟಿ? ನಾ ಎಂದಾರ ಚೆಂಡ ಎಸದೀನೇನು?" ಎನ್ನುತ್ತಲೇ ದ್ಯಾಮವ್ವ ಕೈ ಚಾಚಿದಳು.

ಪಟ್ಟಿ ಸುತ್ತಿದರು. ಅಂಕಿ ಮೂಡಲಿಲ್ಲ. ಸೊನ್ನೆಯೂ ಮೂಡಲಿಲ್ಲ. ವೃಂದಾ ಬಿಚ್ಚಿ ಮತ್ತೆ ಸುತ್ತಿದರು. ಪರದೆಯ ಮೇಲೆ ಬೂದು ಬಣ್ಣದ ಮಂಜು ಮಾತ್ರ ಅಲುಗುತ್ತಿತ್ತು. ಮಾಪಕ ಎಣಿಸಬೇಕಾದ ರಜ್ಜುವನ್ನೇ ಹುಡುಕುತ್ತಿತ್ತು. ಅದು ಅಲ್ಲಿರಲಿಲ್ಲ.

"ಇದು ಯಾವಾಗ ಹರೀತು?" ವೃಂದಾ ಮೆಲ್ಲಗೆ ಕೇಳಿದರು.

ದ್ಯಾಮವ್ವ ನೆನಪು ಮಾಡಿಕೊಂಡಳು. "ಇವಳು ಮೊದಲನೇ ಮ್ಯಾಚ್ ಗೆದ್ಲಲ್ಲ, ಆ ವರ್ಷರಿ. ಕೈಯಾಗ ಟಕ್ ಅಂತು. ಹಸೀ ಕಡ್ಡಿ ಮುರದಂಗ."

"ಆಗ ಏನು ಮಾಡಿದ್ರಿ?"

"ಏನ್ ಮಾಡೂದ್ರಿ? ಇನ್ನ ಎಂಬತ್ತು ಚೆಂಡು ಬಾಕಿ ಇದ್ವು."

ಫಕೀರವ್ವ ಕೆಸರಿನ ಕೈಯನ್ನು ಹಾಗೇ ಹಿಡಿದು ಕೂತಿದ್ದಳು. ಹದಿನಾಲ್ಕು ವರ್ಷದ ಹಿಂದಿನ ಆ ದಿನ ತನ್ನನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿಸಿದ್ದು ಅವಳಿಗೆ ನೆನಪಿತ್ತು. ದ್ಯಾಮಕ್ಕ ಆಗ ಎಲ್ಲಿದ್ದಳು ಎಂಬುದು ನೆನಪಿರಲಿಲ್ಲ.

"ಯಾರಿಗೂ ಹೇಳ್ಲಿಲ್ವಾ?" ಎಂದು ವೃಂದಾ ಕೇಳಿದರು.

"ಯಾರರ ಕೇಳಿದ್ರ ಹೇಳ್ತಿದ್ನಿ," ಎಂದಳು ದ್ಯಾಮವ್ವ. "ಆಮ್ಯಾಲ ಎಡಗೈ ಕಲತಗೊಂತು. ಈಗ ಅದೂ ದಣದೈತಿ."

ವೃಂದಾ ಎದ್ದು ನಿಂತರು. ಅವರ ಧ್ವನಿ ಬೇರೆಯಾಗಿತ್ತು. "ನಾನು ಲೀಗಿಗೆ ವರದಿ ಬರೀತೇನೆ."

"ಬ್ಯಾಡ್ರಿ ಡಾಕ್ಟರ," ಎಂದಳು ಫಕೀರವ್ವ ತಟ್ಟನೆ.

"ಯಾಕೆ ಬೇಡ? ನಿಮಗೆ ತೊಂಬತ್ತು ಎಸೆತ ಆದ ತಕ್ಷಣ ಬದಲಿಯವಳು ಬರ್ತಾಳೆ. ಕುರ್ಚಿ ಹಾಕ್ತಾರೆ, ಮಂಜುಗಡ್ಡೆ ಕಟ್ತಾರೆ. ಇವರಿಗೆ ಯಾರು ಬಂದ್ರು? ಈ ಮೈದಾನದಲ್ಲಿ ತೋಳಿರೋದು ನಿಮಗೊಬ್ಬರಿಗೇ ಅಲ್ಲ. ಇಷ್ಟು ವರ್ಷ ನಾನೂ ಅದನ್ನ ಯೋಚನೆ ಮಾಡ್ಲಿಲ್ಲ."

"ಲೀಗಿನವರು ಹಂಗ ತಿಳಕೊಳ್ಳೂದಿಲ್ರಿ."

"ಬಾಯಿಮಾತಲ್ಲಿ ಹೇಳಿದ್ರೆ ತಿಳ್ಕೊಳ್ಳೋದಿಲ್ಲ. ಅಳತೆ ಮುಂದಿಟ್ರೆ ಇಲ್ಲ ಅನ್ನೋಕೆ ಯಾರಿಗೂ ಆಗೋದಿಲ್ಲ."

ದ್ಯಾಮವ್ವ ಇಬ್ಬರ ಮುಖವನ್ನೂ ನೋಡಿದಳು. "ಬದಲಿ ಕೊಡ್ತಾರೇನ್ರಿ?" ಎಂದು ಕೇಳಿದಳು. "ಯಾರರ ಒಬ್ಬಾಕಿ ಹುಡುಗಿ ಸಿಕ್ಕರ ಕಲಸ್ತೀನಿ. ಕೈ ಹ್ವಾದ್ರೂ ಬೆರಳಿಗೆ ಇನ್ನೂ ಗೊತ್ತಾಗತೈತಿ."

"ಕೊಡ್ಲೇಬೇಕು."

"ಹಂಗಾರ ಬರೀರಿ."

ಫಕೀರವ್ವನಿಗೂ ಒಳಗೊಳಗೆ ಹಗುರಾಗಿತ್ತು. ಮಿಗಬೇಕಾಗಿದ್ದ ಮೂವತ್ತು ಆಗಲೇ ಕರಗಿತ್ತು. ಇಂದಿನಿಂದ ತಿಕ್ಕದಿದ್ದರೆ ಫೈನಲ್ಲಿಗೆ ಸರಿಯಾಗಿ ತೊಂಬತ್ತು ಉಳಿಯುತ್ತಿತ್ತು. ವೃಂದಾ ಅವಳ ಕೈಯಿಂದ ಚೆಂಡು ತೆಗೆದುಕೊಂಡು, ಆ ದಿನದ ತೊಂಬತ್ತಾರನ್ನೂ ದ್ಯಾಮವ್ವ ಹೇಳಿದಂತೆ ತಾವೇ ತಿಕ್ಕಿದರು. ಮೂರು ತಾಸು ಹಿಡಿಯಿತು. ಸಂಜೆ ಅವರಿಗೆ ಚಮಚ ಎತ್ತಲಾಗಲಿಲ್ಲ. ಆದರೂ ಮುಂದಿನ ಪಂದ್ಯಗಳಿಗೂ ಬಂದು ತಿಕ್ಕಿಕೊಟ್ಟರು.

ವರದಿ ಇಪ್ಪತ್ತು ಪುಟ ಇತ್ತು. ಅದರಲ್ಲಿ ವೃಂದಾ ಹೊಸದೊಂದು ಪದ ಬಳಸಿದ್ದರು: ಶ್ರಮಶೇಷ. ಎಸೆಯುವ ತೋಳಿಗೆ ಮಾತ್ರವಲ್ಲ, ಹುಲ್ಲು ಕತ್ತರಿಸುವ, ನೆಲ ಒರೆಸುವ, ರೊಟ್ಟಿ ಬಡಿಯುವ, ಕೆಸರು ತಿಕ್ಕುವ ಎಲ್ಲ ತೋಳುಗಳಿಗೂ ಮಾಪಕವನ್ನು ಅನ್ವಯಿಸಬೇಕು; ಎಸೆತಗಾರ್ತಿಗೆ ಸಿಗುವ ರಕ್ಷಣೆ ಅವರಿಗೂ ಸಿಗಬೇಕು ಎಂದು ಬರೆದಿದ್ದರು. ಲೀಗಿನ ಸಭೆಯಲ್ಲಿ ಅದನ್ನು ಓದಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪತ್ರಿಕೆಗಳಲ್ಲಿ ಅವರ ಚಿತ್ರ ಬಂತು. ಎರಡೇ ವಾರದಲ್ಲಿ ಗದಗದ ಮೈದಾನದ ನಲವತ್ತೊಂದು ಕೆಲಸದವರೂ ಸಾಲಾಗಿ ನಿಂತು ಕೈ ಚಾಚಿದರು. ಊಟದ ಮನೆಯ ಕಾಶವ್ವ ಪಟ್ಟಿ ಸುತ್ತಿಸಿಕೊಳ್ಳುತ್ತ, "ನನ್ನ ಕೈಯಾಗ ಇನ್ನ ಎಷ್ಟು ರೊಟ್ಟಿ ಅದಾವ ಹೇಳ್ರಿ, ಅಷ್ಟಕ್ಕ ಹಿಟ್ಟು ನಾದತೀನಿ," ಎಂದು ಎಲ್ಲರನ್ನೂ ನಗಿಸಿದಳು.

ಹದಿನೇಳು ಜನರ ಶ್ರಮಶೇಷ ಅಪಾಯದ ಗೆರೆಗಿಂತ ಕೆಳಗಿತ್ತು. ಮುಂದಿನ ಸೋಮವಾರ ಆ ಹದಿನೇಳು ಜನರನ್ನೂ ಮೈದಾನದ ಮಧ್ಯಕ್ಕೆ ಕರೆದರು. ಒಬ್ಬೊಬ್ಬರಿಗೂ ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, ಸುರಕ್ಷತಾ ನಿವೃತ್ತಿ ಘೋಷಿಸಿದರು. ಮೊದಲ ಹೆಸರು ದ್ಯಾಮವ್ವನದು. ಬಲಗೈಯಲ್ಲಿ ಬುಟ್ಟಿ ಹಿಡಿಯಲಾಗದೆ ಅವಳು ಅದನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅವಳ ಕಣ್ಣು ಸಾಲಿನ ಆಚೆ ಯಾರನ್ನೋ ಹುಡುಕುತ್ತಿತ್ತು. ಕಲಿಯಲು ಬರುವ ಹುಡುಗಿಯನ್ನು ಹುಡುಕುತ್ತಿರಬೇಕು ಎಂದುಕೊಂಡಳು ಫಕೀರವ್ವ. ಮರುದಿನ ದ್ಯಾಮವ್ವ ಮುಂಡರಗಿಯ ತಂಗಿಯ ಮನೆಗೆ ಹೊರಟುಹೋದಳು. ಮೆಟ್ಟಿಲ ಕೆಳಗಿನ ಕೋಣೆಗೆ ಲೇಪಕ ಯಂತ್ರ ಬಂತು.

ವೃಂದಾ ಲೀಗಿನ ಕಚೇರಿಗೆ ಓಡಿದರು. ಅಲ್ಲಿದ್ದ ಅಧಿಕಾರಿ ಎದ್ದು ನಿಂತು ಗೌರವದಿಂದಲೇ ಮಾತಾಡಿದರು.

"ನಿಮ್ಮದೇ ಮಾಪಕ ಮೇಡಂ. ಎಸೆತಗಾರ್ತಿಯರಿಗೆ ಯಾವ ನಿಯಮವೋ ಎಲ್ಲರಿಗೂ ಅದೇ ನಿಯಮ. ಶೇಷ ಮುಗೀತು ಅಂದ್ರೆ ಆಟ ಮುಗೀತು. ಹಾಗೇ ಅಲ್ವಾ ನೀವು ಬರೆದದ್ದು?"

"ನಾನು ಬದಲಿ ಕೊಡಿ ಅಂತ ಬರೆದೆ. ವಿಶ್ರಾಂತಿ ಕೊಡಿ ಅಂತ ಬರೆದೆ. ಕಳಿಸಿ ಅಂತ ಎಲ್ಲಿ ಬರೆದಿದ್ದೇನೆ?"

"ಎಸೆತಗಾರ್ತಿಯನ್ನೂ ಕಳಿಸ್ತೀವಲ್ಲ ಮೇಡಂ. ಅವರು ಯಾರೂ ನಿಮ್ಮ ಹತ್ತಿರ ಬಂದು ಅತ್ತಿಲ್ಲ."

ವೃಂದಾ ಅಲ್ಲೇ ಕುರ್ಚಿಯಲ್ಲಿ ಕೂತರು. ಶಾಲು ಹೊದ್ದು ಹೋದ ಎಸೆತಗಾರ್ತಿಯರು ಆಮೇಲೆ ಏನಾದರು ಎಂದು ತಾವೂ ಒಮ್ಮೆಯೂ ವಿಚಾರಿಸಿರಲಿಲ್ಲ.

ಯಂತ್ರ ತಿಕ್ಕಿದ ಚೆಂಡುಗಳು ನೋಡಲು ಒಂದೇ ಅಚ್ಚಿನಂತಿದ್ದವು. ಅಂಪೈರುಗಳು ಮೆಚ್ಚಿದರು. ಫಕೀರವ್ವ ಕುಸಿಯುವ ಎಸೆತವನ್ನು ಬಿಟ್ಟು ನೇರ ಎಸೆತಗಳಿಂದಲೇ ಆಡಿದಳು. ತಂಡ ಗೆಲ್ಲುತ್ತ ಹೋಯಿತು. ಸೆಮಿಫೈನಲ್ಲಿನ ಕೊನೆಯ ಭಾಗದಲ್ಲಿ ಒಂದೇ ಒಂದು ಸಲ, ಅಂಕ ಸಮವಾಗಿದ್ದಾಗ, ಹಳೆಯ ಎಸೆತಕ್ಕೆ ಬೆರಳು ಕೂಡಿಸಿದಳು. ಹೊಲಿಗೆಯ ಬುಡದಲ್ಲಿ ಬೆರಳು ಜಾರಿತು. ಚೆಂಡು ಸವದತ್ತಿ ತಂಡದ ಹತ್ತೊಂಬತ್ತು ವರ್ಷದ ದಾಂಡುಗಾರ್ತಿಯ ದವಡೆಗೆ ಬಡಿಯಿತು. ಹುಡುಗಿ ಮಣ್ಣಿನ ಮೇಲೆ ಕೂತು ಬಾಯಿಗೆ ಕೈ ಹಿಡಿದು ಎರಡು ಹಲ್ಲು ಉಗುಳಿದಳು. ಆಸ್ಪತ್ರೆಯಲ್ಲಿ ಅವಳು ತಂತಿ ಕಟ್ಟಿದ ಬಾಯಿಯಿಂದಲೇ, "ಇರ್ಲಿ ಬಿಡ್ರಿ ಅಕ್ಕಾ, ಆಟದಾಗ ಆಗತೈತಿ," ಎಂದಳು. ಫಕೀರವ್ವ ಅವಳ ಮಂಚದ ಪಕ್ಕ ಸಂಜೆಯವರೆಗೂ ಕೂತಿದ್ದಳು.

ಫೈನಲ್ ಭಾನುವಾರ, ಬಿಸಿಲು ಇಳಿಯುವ ಹೊತ್ತಿಗೆ. ಮೈದಾನ ತುಂಬಿತ್ತು. ದೊಡ್ಡ ಫಲಕದ ಮೇಲೆ ತಂಡಗಳ ಹೆಸರಿಗಿಂತ ದೊಡ್ಡದಾಗಿ ಫಕೀರವ್ವನ ಎಸೆತಶೇಷ ಉರಿಯುತ್ತಿತ್ತು: ತೊಂಬತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಪ್ರತಿ ಎಸೆತಕ್ಕೂ ಅಂಕಿ ಕೂಗಬೇಕೆಂದು ಜನ ಕಾದಿದ್ದರು. ವೃಂದಾ ಮೂರನೆಯ ಸಾಲಿನಲ್ಲಿ ಕೂತಿದ್ದರು. ಮುಲ್ಲಾ ಸರ್ ಕಟಕಟೆ ಹಿಡಿದು ನಿಂತಿದ್ದರು.

ಎದುರಾಳಿ ತಂಡದ ಮೊದಲ ದಾಂಡುಗಾರ್ತಿ ಬಂದು ಕಾಲಿನಿಂದ ಮಣ್ಣು ಕೆದರಿ ಜಾಗ ಮಾಡಿಕೊಂಡಳು. ಅವಳೂ ಚಿಕ್ಕವಳೇ. ಅಂಪೈರು ಎಸೆದ ಚೆಂಡನ್ನು ಫಕೀರವ್ವ ಹಿಡಿದಳು. ಎರಡು ಬೆರಳನ್ನು ಹೊಲಿಗೆಯ ಬುಡಕ್ಕೆ ಇಟ್ಟು ನೋಡಿದಳು. ಚೆಂಡು ಬದಲಿಸಿ ಎಂದು ಕೇಳುವುದು ಎಸೆತಗಾರ್ತಿಯ ಹಕ್ಕು. ಆ ಚೆಂಡನ್ನು ಕೈಗವಸಿನಿಂದಲೇ ಹಿಂದಕ್ಕೆ ಎಸೆದಳು. ಅಂಪೈರು ಇನ್ನೊಂದು ಕೊಟ್ಟರು. ಅದನ್ನೂ ಎಸೆದಳು. ಮೂರನೆಯದೂ ಹಿಂದಕ್ಕೆ ಹೋದಾಗ ಜನರ ಗದ್ದಲ ಇಳಿಯಿತು.

ಅಂಪೈರು ದಿಬ್ಬದವರೆಗೆ ನಡೆದು ಬಂದರು. "ಏನಾತವಾ? ಎಲ್ಲಾ ಒಂದ ಥರಾನ ಅದಾವ."

"ಹೌದ್ರಿ. ಒಂದ ಥರಾನ ಅದಾವ."

"ಮತ್ತ ಎಸಿ. ನಿಂದು ತೊಂಬತ್ತೈತಿ. ಗೆದ್ದವರ ಕಪ್ ಅಲ್ಲೇ ಟೇಬಲ್ ಮ್ಯಾಲೈತಿ ನೋಡು."

ಫಕೀರವ್ವ ನೋಡಿದಳು. ಅದು ಅಲ್ಲೇ ಇತ್ತು. ಹದಿನಾಲ್ಕು ವರ್ಷದಲ್ಲಿ ಅವಳು ಅದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಮುಲ್ಲಾ ಸರ್ ಕಟಕಟೆ ದಾಟಿ ಬಂದರು. "ಫಕೀರವ್ವ, ನೇರ ಎಸಿ ಸಾಕು. ಗೆಲ್ತೀವಿ. ಮಂದಿ ನೋಡಾಕತ್ತಾರ," ಎಂದರು ಮೆತ್ತಗೆ.

"ಇವತ್ತ ನೇರ ಎಸೆತಕ್ಕ ಗೆಲ್ಲೂದಿಲ್ರಿ ಸರ್, ನಿಮಗೂ ಗೊತ್ತೈತಿ. ನಡುವ ಎಲ್ಲೋ ಒಮ್ಮೆ ಆ ಹಳೇ ಎಸೆತಕ್ಕ ಬೆರಳು ಹಾಕ್ತೀನಿ. ನಾ ಬ್ಯಾಡ ಅಂದ್ರೂ ಬೆರಳು ಅಲ್ಲೇ ಹೋಗ್ತಾವ." ಅವಳು ದಾಂಡು ಹಿಡಿದು ಕಾಯುತ್ತಿದ್ದ ಹುಡುಗಿಯ ಮುಖ ನೋಡಿದಳು. "ಆಕಿ ಹಲ್ಲು ನೋಡ್ರಿ, ಎಷ್ಟು ಚೆಂದ ಅದಾವ."

ಫಲಕದ ಮೇಲಿನ ತೊಂಬತ್ತು ಹಾಗೇ ಇತ್ತು. ಅವಳು ಕೈಗವಸು ಕಳಚಿ ಕಂಕುಳಲ್ಲಿ ಇಟ್ಟುಕೊಂಡಳು. ಅಂಪೈರನ್ನು, ಮುಲ್ಲಾ ಸರ್ ಅವರನ್ನು, ಮೂರನೆಯ ಸಾಲಿನಲ್ಲಿ ಎದ್ದು ನಿಂತಿದ್ದ ವೃಂದಾ ಅವರನ್ನು, ಮೇಲಿನ ಗಾಜಿನ ಕೋಣೆಯಲ್ಲಿ ಕೂತಿದ್ದ ಲೀಗಿನವರನ್ನು ಒಂದೊಂದಾಗಿ ನೋಡಿದಳು. ಅಂಪೈರು ತಮ್ಮ ಬೂಟಿನ ತುದಿ ನೋಡತೊಡಗಿದರು.

"ಮುಂಡರಗಿ ಏನ್ ದೂರ ಇಲ್ರಿ," ಎಂದಳು ಫಕೀರವ್ವ. "ದ್ಯಾಮಕ್ಕನ್ನ ಕರಸ್ರಿ."